76 ಬರ್ಲೇಬೇಕ್ರಿ
ರಾಯಚೂರು ಕಡಿ ಒಂದು ಪಿಯು ಕಾಲೇಜಿನ್ಯಾಗ ನಾ ಗೆಸ್ಟ್ ಮಾಸ್ತರ ಆಗಿದ್ದಾಗಿನ ಮಾತಿದು. ಹೈಸ್ಕೂಲಿಗೂ ಕಾಲೇಜಿಗೂ ಕೂಡಿ ಒಂದೇ ಫಿಜಿಕ್ಸ್ ಲ್ಯಾಬ್, ಅದಕ್ಕ ಒಂದು ಕೀಲಿ, ಕೀಲಿಕೈ ಇದ್ದೋರು ಎಲೆಕ್ಷನ್ ಡ್ಯೂಟಿಗೆ ಹೋದೋರು ಅಲ್ಲಿಂದ ಹಂಗೇ ಟ್ರಾನ್ಸ್‌ಫರ್. ಆಡಿಟ್ ಬರ್ತೈತಿ ಅಂತ ಸುದ್ದಿ ಬಂದಾಗ ಕಲ್ಲು ತಗೊಂಡು ಕೀಲಿ ಒಡದ್ವಿ.

ಒಳಗ ನೋಡಿದ್ರ ನನಗಂತೂ ನಿಧಿ ಸಿಕ್ಕಂಗಾತು. ಆದ್ರ ಡೆಡ್ ಸ್ಟಾಕ್ ರಜಿಸ್ಟರ್ ಅಂದ್ರ ಲ್ಯಾಬಿನ ಸಾಮಾನು ಬರದಿಡೋ ಪುಸ್ತಕ, ಅದರ ಲೋಕಾನೇ ಬ್ಯಾರೆ. ಹಿಡಿಕಿ ತಿರುವಿದ್ರ ಎರಡು ಚಕ್ರ ಒಂದಕ್ಕೊಂದು ಉಲ್ಟಾ ತಿರುಗಿ ಕರೆಂಟಿನ ಕಿಡಿ ಹುಟ್ಟಿಸೋ ವಿಮ್ಸ್‌ಹರ್ಸ್ಟ್ ಮಷೀನು ಅದರಾಗ 'ಶಾವಿಗಿ ಮಷೀನ್, 1, ಕೆಟ್ಟದ್ದು' ಅಂತ ಐತಿ. ಕೆಟ್ಟಿಲ್ರಿ ಅದು, ಧೂಳು ಒರಸಿ ತಿರುವಿದೆ, ಹಸಿಗಾಳಿ ಇರೋ ಊರಾಗ ಮುನಿಸಿಕೊಳ್ಳೋ ಮಷೀನು ನಮ್ಮ ಏಪ್ರಿಲ್ ಬಿಸಲಿಗೆ ಚಟ್ ಚಟ್ ಅಂತ ಕಿಡಿ ಹಾರಿಸ್ತು, ಜವಾನ ಹೊರಗ ಓಡಿದ. ಶಾವಿಗಿ ಮಾತ್ರ ಬರ್ಲಿಲ್ಲ, ಹಂಗಾಗಿ ರಜಿಸ್ಟರ್ ಪ್ರಕಾರ ಇನ್ನೂ ಕೆಟ್ಟದ್ದೇ.

ಪೋಸ್ಟ್ ಆಫೀಸ್ ಬಾಕ್ಸ್‌ದು ಒಂದು ದೊಡ್ಡ ಕತಿ. ಅದೊಂದರ ಹೆಸರಷ್ಟೇ ಸರಿಯಾಗಿ ಬರದಿದ್ರು, ಅದೇ ತಪ್ಪಾತು, ಆಡಿಟ್ ಸಾಹೇಬ್ರು 'ಅಂಚೆ ಇಲಾಖೆ ಆಸ್ತಿ ನಿಮ್ಮ ಹತ್ರ ಯಾಕೈತಿ' ಅಂತ ಆಕ್ಷೇಪಣಿ ಬರದ್ರು. ಸರ, ಅದು ರೆಸಿಸ್ಟೆನ್ಸ್, ಅಂದ್ರ ತಂತಿ ಕರೆಂಟಿಗೆ ಎಷ್ಟು ಅಡ್ಡಿ ಮಾಡ್ತೈತಿ ಅಂತ ಅಳಿಯೋ ಪೆಟ್ಟಿಗಿ, ಬ್ರಿಟನ್ನಿನ ಪೋಸ್ಟ್ ಆಫೀಸ್‌ನೋರು ಟೆಲಿಗ್ರಾಫ್ ತಂತಿ ಚೆಕ್ ಮಾಡಾಕ ಬಳಸ್ತಿದ್ರು ಅಂತ ಆ ಹೆಸರು, ಒಳಗಿರೋದು ವ್ಹೀಟ್‌ಸ್ಟನ್ ಬ್ರಿಡ್ಜ್ ಅನ್ನೋ ಸರ್ಕ್ಯೂಟ್ ಅಂದೆ. 'ಬ್ರಿಡ್ಜ್ ಇದ್ರ ಪಿಡಬ್ಲ್ಯುಡಿಯಿಂದ ಕಾಗದ ತರಬೇಕಾಗ್ತೈತಿ' ಅಂದ್ರು. ಅದರ ಹಿತ್ತಾಳಿ ಪ್ಲಗ್ ಅರ್ಧಕ್ಕರ್ಧ ಇಲ್ಲ, ಎಲ್ಲಿ ಹೋದುವು ಅಂತ ಆಮ್ಯಾಲ ತಿಳೀತು, ಹುಡುಗರು ಬುಗುರಿ ಆಡಾಕ ಒಯ್ದಿದ್ರು. ಅವರಷ್ಟ ಅಲ್ಲಿ ಸಾಮಾನು ಬಳಸಿದೋರು.

ಕರೆಂಟ್ ಅಳಿಯೋ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಒಂದಿತ್ತು, ತಾಮ್ರದ ತಂತಿ ಸುತ್ತಿದ ರಿಂಗು, ನಡುವ ದಿಕ್ಸೂಚಿ. ಭೂಮಿ ಕಾಂತಕ್ಕ ಹೊಂದಿಸಿ ಇಡಬೇಕು, ಸುತ್ತಮುತ್ತ ಕಬ್ಬಿಣ ಇರಬಾರದು. ಲ್ಯಾಬಿಗೆ ಹೊಸದಾಗಿ ಕೊಟ್ಟಿದ್ದು ಕಬ್ಬಿಣದ ಟೇಬಲ್. ಕಟ್ಟಿಗಿದು ಹೆಡ್ ಮಾಸ್ತರ ರೂಮಿನ್ಯಾಗ ಟಿಫಿನ್ ಡಬ್ಬಿ ಹೊತ್ಕೊಂಡು ಕುಂತಿತ್ತು, ಕೇಳೋ ಧೈರ್ಯ ಗೆಸ್ಟ್ ಮಾಸ್ತರಿಗೆ ಎಲ್ಲಿಂದ ಬರಬೇಕು.

ಈಗ ಅಸಲಿ ವಿಷಯಕ್ಕ ಬರ್ತೀನಿ. ಗ್ವಾಡಿಗೆ ಗಾಳಿ ಒತ್ತಡ ಅಳಿಯೋ ಒಂದು ಫೋರ್ಟಿನ್ ಬ್ಯಾರೋಮೀಟರ್ ತೂಗಹಾಕಿತ್ತು. ಎಂಥಾ ಚಂದ ಸಾಮಾನು ಅಂತೀರಿ! ಕೆಳಗಿನ ಬಟ್ಟಲದಾಗ ಪಾದರಸ, ಅದರ ಮ್ಯಾಲ ಆನಿದಂತದ ಸಣ್ಣ ಮೊನಿ, ಬುಡದ ಸ್ಕ್ರೂ ಮೆಲ್ಲಕ ತಿರುವಿದಂಗೆಲ್ಲಾ ಪಾದರಸ ಏರಿ ಆ ಮೊನಿ ತನ್ನ ನೆರಳಿಗೇ ಮುತ್ತು ಕೊಟ್ಟಂಗ ಹೋಗಿ ತಾಕಬೇಕು, ಆಗ ಸ್ಕ್ರೂ ಬಿಟ್ಟು ಮ್ಯಾಲ ಕೊಳವಿಯಾಗ ಪಾದರಸದ ಎತ್ತರ ಓದಬೇಕು. ಓದಿದೆ. 72.4 ಸೆಂಟಿಮೀಟರ್. ಖುಷಿ ಆಗಿ ಬೋರ್ಡ್ ಮ್ಯಾಲ ಬರದೆ.

ಅದೇ ನಾ ಮಾಡಿದ ತಪ್ಪು. ತಪಾಸಣಿಗೆ ಬಂದ ಸಾಹೇಬ್ರು ಕನ್ನಡಕ ಏರಿಸಿ ನೋಡಿ, 'ಬುಕ್ಕಿನ್ಯಾಗ 76 ಐತಲ್ಲಪಾ?' ಅಂದ್ರು.

'ಸರ, ಅದು ಸಮುದ್ರದ ಮಟ್ಟದ ಲೆಕ್ಕ. ರಾಯಚೂರು ಸುಮಾರು 400 ಮೀಟರ್ ಮ್ಯಾಲೈತಿ, ನಮ್ಮ ಮ್ಯಾಲಿನ ಗಾಳಿ ಅಷ್ಟು ಕಡಿಮಿ. 76 ತೋರಿಸಿದ್ರನ ಅದು ಕೆಟ್ಟಂಗ.'

'ಸರ್ಕಾರದ ಬುಕ್ ತಪ್ಪಂತೀಯೇನು?'

1648ರಾಗ ಪಾಸ್ಕಲ್ ಅನ್ನೋ ವಿಜ್ಞಾನಿ ತನ್ನ ಅಕ್ಕನ ಗಂಡನ ಕೈಯಾಗ ಪಾದರಸದ ಕೊಳವಿ ಕೊಟ್ಟು ಫ್ರಾನ್ಸಿನ ಪುಯಿ ದ ಡೋಮ್ ಗುಡ್ಡ ಹತ್ತಿಸಿದ್ದ ರಿ, ಮ್ಯಾಲ ಹೋದಂಗ ಪಾದರಸ ಎಂಟು ಸೆಂಟಿಮೀಟರ್ ಚಿಲ್ಲರ ಇಳೀತು ಅಂತ ಹೇಳಾಕ ಹೋದೆ. ಸಾಹೇಬ್ರು ಕೇಳಿದ್ದು ಒಂದೇ: 'ಆ ಭಾವ ಗುಡ್ಡ ಹತ್ತಾಕ ಟಿಎ ಬಿಲ್ ಹಾಕಿದ್ನಾ?' ಎಲ್ಲಾರು ನಕ್ಕರು, ಹೆಡ್ ಮಾಸ್ತರ ಜೋರಾಗಿ ನಕ್ಕರು. ವರದಿಯೊಳಗ 'ಉಪಕರಣ ದೋಷಪೂರಿತ, ಸಂಬಂಧಪಟ್ಟ ಶಿಕ್ಷಕರಿಂದ ಸರಿಪಡಿಸತಕ್ಕದ್ದು' ಅಂತ ಬಂತು. ಸಂಬಂಧಪಟ್ಟ ಶಿಕ್ಷಕ ಅಂದ್ರ ನಾನು, ಎರಡು ತಿಂಗಳಿಂದ ಪಗಾರ ಬಂದಿಲ್ಲದಾಂವ.

ದೋಷ ಸರಿಪಡಿಸಾಕ ಮೂರು ಮಂದಿ ಕಮಿಟಿ ಆತು: ಪಿಟಿ ಮಾಸ್ತರು, ಡ್ರಾಯಿಂಗ್ ಮಾಸ್ತರು, ಕ್ಲರ್ಕು. ಪಿಟಿ ಮಾಸ್ತರು ತೋಳು ಏರಿಸಿ ಬುಡದ ಸ್ಕ್ರೂ ಹಿಡದು ಬೋರ್‌ವೆಲ್ ಪೈಪ್ ತಿರುವಿದಂಗ ತಿರುವಿದ್ರು, ಆನಿದಂತದ ಮೊನಿ ಪಾದರಸದಾಗ ಮುಳುಗಿ ಕಾಣದಂಗಾತು, ಪಾದರಸ 74ರ ಹತ್ರ ಏರಿ ನಿಂತ್ಬಿಡ್ತು. ನಾ 'ಸರ, ಪಾದರಸ ವಿಷ, ಒಡದೀತು' ಅಂತ ಬಾಯಿ ಬಡ್ಕೊಂಡೆ. ಉಳಿದದ್ದನ್ನ ಡ್ರಾಯಿಂಗ್ ಮಾಸ್ತರು ನೋಡ್ಕೊಂಡ್ರು, ಹೊಸ ಸ್ಕೇಲ್ ಪಟ್ಟಿ ಬರದು ಸೆಲ್ಲೋಟೇಪ್ ಹಚ್ಚಿದ್ರು, ಅಕ್ಷರ ಮುತ್ತಿನಂಗ, ಸುಳ್ಳ್ಯಾಕ ಹೇಳ್ಲಿ.

ಈಗ ಬಿಸಲಿರ್ಲಿ ಮಳಿ ಇರ್ಲಿ 76 ತೋರಿಸ್ತೈತಿ. ರಜಿಸ್ಟರ್‌ನ್ಯಾಗ 'ಸುಸ್ಥಿತಿಯಲ್ಲಿದೆ' ಅಂತ ಸೀಲ್ ಬಿದ್ದೈತಿ. ಇಷ್ಟು ದಿನ ನಮಗ ಒಂದು ಕಡಿ ಕೃಷ್ಣಾ, ಒಂದು ಕಡಿ ತುಂಗಭದ್ರಾ ಇದ್ದವು, ಈಗ ದಾಖಲೆ ಪ್ರಕಾರ ಸಮುದ್ರಾನೂ ಬಂದೈತಿ. ಬಂದರಿಗೆ ಜಾಗ ನೋಡಾಕ ಕಮಿಟಿ ಆದ್ರ ಪಿಟಿ ಮಾಸ್ತರ ಹೆಸರು ಬಿಡಬ್ಯಾಡ್ರಿ.