ಬೀದಿ ಸುಧಾರಣೆಯ ಖರ್ಚನ್ನು ಆಸ್ತಿ ಮಾಲೀಕರೇ ಹೊರಬೇಕೆ?

ಪರ

ಮಣ್ಣುರಸ್ತೆಗೆ ಡಾಂಬರು ಬಿದ್ದು, ಒಳಚರಂಡಿಯೂ ನೀರಿನ ಕೊಳವೆಯೂ ಬಂದರೆ ಅಲ್ಲಿನ ನಿವೇಶನಗಳ ಬೆಲೆ ಏರುತ್ತದೆ. ಆ ಏರಿಕೆ ಮಾಲೀಕರ ದುಡಿಮೆಯಿಂದ ಬಂದದ್ದಲ್ಲ, ಸಾರ್ವಜನಿಕ ಹಣದಿಂದ ಬಂದದ್ದು. ಅದರಲ್ಲಿ ಒಂದು ಪಾಲನ್ನು ಮರಳಿ ಕೇಳಿದರೆ ಸುಲಿಗೆ ಎನ್ನುವುದು ನ್ಯಾಯವಲ್ಲ. ಕೇಳದೆ ಬಿಟ್ಟರೆ ಖರ್ಚು ಎಲ್ಲರ ತೆರಿಗೆಯಿಂದ ಹೋಗುತ್ತದೆ. ಅಡಿ ಜಾಗವೂ ಇಲ್ಲದ ಬಾಡಿಗೆದಾರರು, ತಮ್ಮ ಬೀದಿಗೆ ಇನ್ನೂ ಚರಂಡಿಯೇ ಬಾರದವರು, ಇವರೆಲ್ಲ ಇನ್ನೊಬ್ಬರ ಆಸ್ತಿಯ ಬೆಲೆ ಏರಿಸಲು ಹಣ ಕೊಡಬೇಕಾಗುತ್ತದೆ.

ಕೊಲಂಬಿಯಾ 1921ರಲ್ಲೇ ಕಾನೂನು ಮಾಡಿ ಇಂಥ ವಂತಿಗೆಗೆ ದಾರಿ ಮಾಡಿತು. ಅದರ ರಾಜಧಾನಿ ಬೊಗೋಟಾದ ಎಷ್ಟೋ ರಸ್ತೆ, ಸೇತುವೆಗಳು ಈ ಹಣದಿಂದ ಎದ್ದಿವೆ. ಮಾಲೀಕರ ಮಾತಿಗೂ ಬೆಲೆ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ 1996ರಿಂದ ಪ್ರತಿಯೊಬ್ಬ ಮಾಲೀಕರಿಗೂ ಮತಪತ್ರ ಕಳುಹಿಸಬೇಕು. ಬಂದ ಮತಗಳಲ್ಲಿ, ಅವರವರು ಕೊಡಬೇಕಾದ ಮೊತ್ತದ ಲೆಕ್ಕದಲ್ಲಿ, ವಿರೋಧವೇ ಹೆಚ್ಚಾದರೆ ಶುಲ್ಕ ಹೇರುವಂತಿಲ್ಲ. ಇಡೀ ಊರಿಗೆ ಆಗುವ ಲಾಭವನ್ನು ಬೇರ್ಪಡಿಸಿ, ಆ ಆಸ್ತಿಗೆ ವಿಶೇಷವಾಗಿ ಆಗುವ ಲಾಭಕ್ಕೆ ಮಾತ್ರ ಹಣ ಕೇಳಬೇಕು. ತಾನು ಕೊಟ್ಟ ಹಣ ತನ್ನ ಬೀದಿಯಲ್ಲೇ ಖರ್ಚಾಗುವಾಗ ಜನ ಗುತ್ತಿಗೆದಾರನ ಕೆಲಸವನ್ನೂ ನಿಂತು ನೋಡುತ್ತಾರೆ, ಪ್ರಶ್ನಿಸುತ್ತಾರೆ.

ವಿರೋಧ

ಬೆಲೆ ಏರಿತು ಎನ್ನುವುದು ಕಾಗದದ ಮೇಲಿನ ಮಾತು. ಮನೆ ಮಾರುವವರೆಗೆ ಅದರಿಂದ ಒಂದು ಬಿಡಿಗಾಸೂ ಕೈಗೆ ಬರುವುದಿಲ್ಲ, ಬಿಲ್ಲು ಮಾತ್ರ ಇಂದೇ ಬರುತ್ತದೆ. ಪಿಂಚಣಿಯಲ್ಲಿ ಬದುಕುವ ವೃದ್ಧೆಗೆ ಕಂತಿನ ಸೌಲಭ್ಯವೂ ಸಾಲದ ಇನ್ನೊಂದು ಹೆಸರಷ್ಟೇ. ಹಂಚಿಕೆಯ ಲೆಕ್ಕವೂ ವಿಚಿತ್ರ. ರಸ್ತೆಗೆ ತಾಗಿದ ಅಗಲವನ್ನು ಅಳೆದು ಶುಲ್ಕ ಹಾಕುವ ಕಡೆ ಮೂಲೆ ನಿವೇಶನದವರಿಗೆ ಎರಡೂ ಬದಿಯ ಭಾರ. ಆ ರಸ್ತೆಯಲ್ಲಿ ದಿನವಿಡೀ ಹಾದುಹೋಗುವ ಲಾರಿಗಳಿಗೆ ಏನೂ ಇಲ್ಲ.

ಈ ಅಧಿಕಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಒಹಾಯೊದ ನಾರ್ವುಡ್ ಎಂಬ ಪುಟ್ಟ ಊರೇ ಸಾಕ್ಷಿ. ಅಲ್ಲಿನ ಆಡಳಿತ ಒಬ್ಬ ಮಹಿಳೆಯ ಜಮೀನಿನ ನಡುವೆ ರಸ್ತೆ ತೆಗೆದು, ಆಕೆಗೆ ಕೊಟ್ಟ ಪರಿಹಾರದ ಹಣವನ್ನೇ ಖರ್ಚಿನೊಂದಿಗೆ ಸೇರಿಸಿ ಆಕೆಯ ಉಳಿದ ಜಮೀನಿನ ಮೇಲೆ ಹೊರಿಸಿತು. ವಿಶೇಷ ಲಾಭವನ್ನು ಗಣನೀಯವಾಗಿ ಮೀರಿದ ವಸೂಲಿ, ಪರಿಹಾರವಿಲ್ಲದೆ ಆಸ್ತಿ ಕಸಿದಂತೆ ಎಂದು 1898ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ವಿಷಯ. ಗುಂಡಿ ಮುಚ್ಚುವ ಖರ್ಚು ಆಡಳಿತದ್ದು, ರಸ್ತೆಯನ್ನು ಪೂರ್ತಿ ಹೊಸದಾಗಿ ಮಾಡುವ ಖರ್ಚಿನ ದೊಡ್ಡ ಪಾಲು ಮಾಲೀಕರದ್ದು ಎಂಬ ನಿಯಮವಿದ್ದರೆ ಏನಾಗುತ್ತದೆ? ಗುಂಡಿ ಮುಚ್ಚದೆ ವರ್ಷಗಟ್ಟಲೆ ಬಿಡುವುದೇ ಆಡಳಿತಕ್ಕೆ ಲಾಭ. ಜರ್ಮನಿಯಲ್ಲಿ ಜನ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಹಲವರ ಮನೆಗೆ ಸಾವಿರಾರು ಯೂರೋಗಳ ಬಿಲ್ಲು ಬಂದಿತ್ತು. ಬವೇರಿಯಾ ರಾಜ್ಯ 2018ರಲ್ಲಿ ಹಳೆಯ ರಸ್ತೆಗಳ ನವೀಕರಣ ಶುಲ್ಕವನ್ನು ಕೈಬಿಟ್ಟಿತು. ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು.

ಹೊಸ ಬಡಾವಣೆಗೆ ಮೊದಲ ಸಲ ರಸ್ತೆ, ಚರಂಡಿ ಬರುವಾಗ ಮಾಲೀಕರು ಪಾಲು ಕೊಡಲಿ, ಅದಕ್ಕೆ ನನ್ನ ತಕರಾರಿಲ್ಲ. ಜರ್ಮನಿಯಲ್ಲಿ ಆ ಶುಲ್ಕ ಇಂದಿಗೂ ಇದೆ, ಖರ್ಚಿನ ಶೇ. 10ನ್ನಾದರೂ ಸ್ಥಳೀಯ ಆಡಳಿತ ಭರಿಸಬೇಕೆಂಬ ನಿಯಮವೂ ಇದೆ. ಆದರೆ ಒಮ್ಮೆ ಹಾಕಿದ ರಸ್ತೆಯನ್ನು ಕಾಪಾಡುವ ಹೊಣೆ ಆಡಳಿತದ್ದು. ಆ ಕೆಲಸಕ್ಕೆಂದೇ ಜನ ಪ್ರತಿವರ್ಷ ಆಸ್ತಿ ತೆರಿಗೆ ಕಟ್ಟುತ್ತಿದ್ದಾರೆ.