ಉಣ್ಣೆಯಿಂದ ದೂರವಿರಿ, ಸ್ವೆಟರ್ ಹಾಕ್ಕೊಳ್ಳಿ

ನಮ್ಮ ಕೊಡಗಲ್ಲಿ ಮಂಗನ ಕಾಯಿಲೆಯ ಆ ಪೋಸ್ಟರ್ ನೀವೂ ನೋಡಿರ್ತೀರ. ಬಸ್‌ಸ್ಟ್ಯಾಂಡ್ ಗೋಡೆ, ಟೀ ಅಂಗಡಿ ಪಕ್ಕದ ಕರೆಂಟ್ ಕಂಬ, ಸೊಸೈಟಿ ಬಾಗಿಲು, ಜಾಗ ಸಿಕ್ಕಲ್ಲೆಲ್ಲ ಅಂಟಿಸಿದಾರೆ. ಮೇಲೆ ಒಂದು ಮಂಗನ ಫೋಟೋ. ಮಂಗ ಅಂದ್ರೆ ನಮ್ಮ ತೋಟದ ಮಂಗ ಅಲ್ಲ, ಯಾವುದೋ ಆಫ್ರಿಕಾದ ಚಿಂಪಾಂಜಿ, ಪಾಪ ಕೈಕಟ್ಟಿ ಕೂತಿದೆ, ಅದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಅದಕ್ಕೇ ಗೊತ್ತಿಲ್ಲ. ಕೆಳಗೆ ದಪ್ಪಕ್ಷರದಲ್ಲಿ: "ಸಾರ್ವಜನಿಕರು ಉಣ್ಣೆಯಿಂದ ದೂರವಿರಿ."

ಜನವರಿ ತಿಂಗಳು, ಬೆಳಗ್ಗೆ ಏಳು ಗಂಟೆ, ಮಂಜು ಬಿದ್ದು ಎದುರಿಗಿರೋ ಬಸ್ಸಿನ ಬೋರ್ಡೂ ಕಾಣಲ್ಲ. ಬೆಂಗಳೂರಿಂದ ಬಂದಿದ್ದ ಒಬ್ಬ ಹುಡುಗ ಪೋಸ್ಟರ್ ಓದಿ, ತಾನು ಹಾಕ್ಕೊಂಡಿದ್ದ ಕೆಂಪು ಸ್ವೆಟರ್ ನೋಡ್ಕೊಂಡು, ನನ್ನ ಹತ್ರ ಕೇಳ್ದ, "ಸಾರ್, ಇಲ್ಲಿ ಸ್ವೆಟರ್ ಹಾಕಂಗಿಲ್ವಾ?" ನಾನು ಏನ್ ಹೇಳ್ಲಿ? ಕುರಿ ಮೈಮೇಲೆ ಬೆಳೆಯೋದೂ ಉಣ್ಣೆ, ಕುರಿ ಮೈಗೆ ಕಚ್ಚೋದೂ ಉಣ್ಣೆ, ಇದು ಕನ್ನಡ ಮಾಡಿದ ತಮಾಷೆ. ಒಂದು ಉಣ್ಣೆ ಚಿತ್ರ ಹಾಕಿದ್ರೆ ಮುಗೀತಿತ್ತು. ಆದ್ರೆ ಉಣ್ಣೆ ಚಿತ್ರಾನೇ ಇಲ್ಲ, ಇಡೀ ಪೋಸ್ಟರಲ್ಲಿ ಅಪರಾಧಿ ಬಿಟ್ಟು ಎಲ್ಲರೂ ಇದಾರೆ, ಮುದ್ರಿಸಿದವರ ಲೋಗೋ ನಾಲ್ಕು, ಕೈಮುಗಿದು ನಿಂತ ಗಣ್ಯರು ಮೂವರು.

ಮಂಗನ ಕಾಯಿಲೆ ಅನ್ನೋ ಹೆಸರೇ ಒಂದು ಅನ್ಯಾಯ. 1957ರಲ್ಲಿ ಶಿವಮೊಗ್ಗದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳ್ತಿದ್ದಾಗ ಪುಣೆಯಿಂದ ವಿಜ್ಞಾನಿಗಳು ಬಂದು ಹೊಸ ವೈರಸ್ ಅಂತ ಕಂಡುಹಿಡಿದ್ರು. ಹರಡೋದು ಉಣ್ಣೆ, ಮಲೆನಾಡ್ ಕಡೆ ಉಣುಗು ಅಂತಾರಲ್ಲ, ಅದೇ. ಮಂಗಕ್ಕೂ ಅದೇ ಕಚ್ಚೋದು, ನಮಗೂ ಅದೇ ಕಚ್ಚೋದು. ಮಂಗ ನಮಗಿಂತ ಬೇಗ ಸಾಯುತ್ತೆ ಅಷ್ಟೆ. ಸತ್ತು ಎಚ್ಚರಿಕೆ ಕೊಟ್ಟವನ ಹೆಸರನ್ನೇ ರೋಗಕ್ಕೆ ಇಟ್ವಿ. ಮಂಕಿಪಾಕ್ಸ್ ಅನ್ನೋ ಹೆಸರಿಂದ ಕಳಂಕ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2022ರಲ್ಲಿ ಎಂಪಾಕ್ಸ್ ಅಂತ ಬದಲಾಯಿಸಿದ್ರು, ನಮ್ಮ ಮಂಗಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ.

ಆ ಕಾಲದಲ್ಲಿ ಸಂಶೋಧನೆ ಎಷ್ಟು ಜೋರಾಗಿತ್ತು ಅಂದ್ರೆ, ಈ ವೈರಸ್ ರಷ್ಯಾದ ಒಂದು ಉಣ್ಣೆ ಜ್ವರದ ವೈರಸ್ಸಿಗೆ ಹತ್ತಿರದ ನೆಂಟ ಅಂತ ಗೊತ್ತಾಗಿ, ಸೈಬೀರಿಯಾ ಕಡೆಯಿಂದ ಬರೋ ಹಕ್ಕಿಗಳೇ ಉಣ್ಣೆ ಹೊತ್ಕೊಂಡು ಬಂದ್ವಾ ಅಂತ ಹಕ್ಕಿ ಹಿಡಿದು ಕಾಲಿಗೆ ರಿಂಗ್ ಹಾಕಿ ಬಿಟ್ಟು ನೋಡಿದ್ರು. ನಂಗೆ ಇದು ಭಾರಿ ಇಷ್ಟ. ಹಕ್ಕಿ ಕಾಲಿಗೆ ರಿಂಗ್ ಹಾಕೋಕೆ ದುಡ್ಡಿತ್ತು, ತಲೆಯೂ ಇತ್ತು. ಈಗ ನಮ್ಮ ಹತ್ರ ಇರೋದು ಚಿಂಪಾಂಜಿ ಫೋಟೋ.

ಉಣ್ಣೆ ಅಂದ್ರೆ ನಂಗೆ ಒಂಥರಾ ಗೌರವ ಇದೆ ಕಣ್ರೀ. ಹುಲ್ಲಿನ ತುದೀಲೋ ಎಲೆ ತುದೀಲೋ ಮುಂದಿನ ಎರಡು ಕಾಲು ಗಾಳಿಗೆ ಚಾಚಿ ಕೂತಿರುತ್ತೆ. ನಾವು ಬಿಡೋ ಉಸಿರಿನ ವಾಸನೆ, ಮೈಯ ಬಿಸಿ, ಎಲ್ಲಾ ಆ ಕಾಲಲ್ಲೇ ಹಿಡಿಯುತ್ತೆ. ಯಾರೂ ಬರ್ಲಿಲ್ವಾ, ತಿಂಗಳುಗಟ್ಟಲೆ ಊಟ ಇಲ್ದೆ ಹಾಗೇ ಕಾಯುತ್ತೆ. ಆರ್‌ಟಿಸಿ ತಿದ್ದುಪಡಿಗೆ ಅರ್ಜಿ ಕೊಟ್ಟು ಕೂತಿರೋ ನಮ್ಮ ದೊಡ್ಡಪ್ಪನ ಭಂಗಿ ನೋಡಿದ್ರೆ ನಿಮಗೆ ಅರ್ಥ ಆಗುತ್ತೆ. ರಾಜಕಾರಣಿಗೆ ಹೋಲಿಸೋ ಜೋಕು ಹೊಡೆಯಲ್ಲ, ಉಣ್ಣೆಗೆ ಅವಮಾನ, ಅದು ಹೊಟ್ಟೆ ತುಂಬಿದ ಮೇಲೆ ತಾನಾಗೇ ಉದುರಿ ಹೋಗುತ್ತೆ.

ಮನುಷ್ಯರಿಗೆ ರೋಗ ಹಚ್ಚೋದು ಹೆಚ್ಚಾಗಿ ಮರಿ ಉಣ್ಣೆ. ಸಾಸಿವೆ ಕಾಳಷ್ಟಿರುತ್ತೆ, ಕಚ್ಚಿದ್ದೂ ಗೊತ್ತಾಗಲ್ಲ. ನಮ್ಮದು ಕೋವಿಗೆ ಲೈಸೆನ್ಸ್ ವಿನಾಯಿತಿ ಇರೋ ನಾಡು, ಆನೆ ಬಂದ್ರೆ ಪಟಾಕಿ, ಹಂದಿ ಬಂದ್ರೆ ಬೇಲಿ, ಸಾಸಿವೆ ಕಾಳು ಬಂದ್ರೆ ಏನ್ಮಾಡೋದು? ಅದರ ಸೀಸನ್ ನವೆಂಬರಿಂದ ಮೇ ತನಕ. ನಮ್ಮ ಕಾಫಿ ಕುಯ್ಲು ಯಾವಾಗ? ಅದೇ ತಿಂಗಳುಗಳಲ್ಲೇ, ಬಿಡಿ.

ನಮ್ಮ ಹೋಂಸ್ಟೇ ಮಾವನಿಗೆ ಈ ವಿಷಯ ಎತ್ತಿದ್ರೇ ಆಗಲ್ಲ. "ಬರೀಬೇಡ ಮಾರಾಯ, ಮೊದಲೇ 2018ರ ಮಳೆಗೆ ಮಣ್ಣು ಕುಸಿದು ಬುಕಿಂಗ್ ಹೋಗಿತ್ತು, ಆಮೇಲೆ ಕೊರೋನಾ, ಈಗ ನೀನು ಉಣ್ಣೆ ಹಿಡ್ಕೊಂಡು ಬಂದ್ಯಾ?" ಅಂತಾರೆ. ಗೆಸ್ಟುಗಳ ಕಾಲಿಗೆ ಜಿಗಣೆ ಹತ್ತಿದ್ರೆ "ಕೆಟ್ಟ ರಕ್ತ ಹೋಗುತ್ತೆ ಸಾರ್, ಫ್ರೀ ಟ್ರೀಟ್‌ಮೆಂಟು" ಅನ್ನೋ ಮನುಷ್ಯ. ಸಂಜೆ ನುಸಿ ಕಚ್ಚಿದ್ರೆ "ಇಲ್ಲಿ ಎಲ್ಲಾ ಆರ್ಗ್ಯಾನಿಕ್" ಅಂತಾರೆ.

ನುಸಿ ಅಂದಾಗ ನೆನಪಾಯ್ತು. ಸೊಳ್ಳೆ ಪರದೆ ತೂತಲ್ಲೂ ನುಗ್ಗೋ, ಒಂದರಿಂದ ಮೂರು ಮಿಲಿಮೀಟರಿನ ಈ ಕಚ್ಚೋ ನುಸಿ ಇದೆಯಲ್ಲ, ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡೋದು ಇದೇ. ಸಗಣಿ ಬೆರೆತ ಒದ್ದೆ ಮಣ್ಣಲ್ಲಿ ಹುಟ್ಟುತ್ತೆ, ಹೆಣ್ಣು ಮಾತ್ರ ಕಚ್ಚುತ್ತೆ. ಬಯಲುಸೀಮೆ ಕುರಿಗಾಹಿಗಳನ್ನ ಕೇಳಿ, ಒಂದೊಂದು ವರ್ಷ ಹಿಂಡಿಗೆ ಹಿಂಡೇ ಕುಂಟುತ್ತೆ. ಆದ್ರೆ ಇದೇ ಕುಟುಂಬದ ಇನ್ನೊಂದು ನುಸಿ ಕೋಕೋ ಹೂವಿಗೆ ಪರಾಗಸ್ಪರ್ಶ ಮಾಡುತ್ತೆ. ಅಷ್ಟು ಪುಟ್ಟ, ಅಷ್ಟು ತಿರುಚಿದ ಹೂವಿನೊಳಗೆ ಜೇನುಹುಳ ಹೋಗೋಕಾಗಲ್ಲ, ಹೆಚ್ಚಾಗಿ ನುಸಿಯಂಥ ಪುಟ್ಟ ಹುಳಾನೇ ಬೇಕು. ಅಂದ್ರೆ ಮಡಿಕೇರಿ ಪೇಟೇಲಿ ಮಾರಿಗೊಂದು ಹೋಂಮೇಡ್ ಚಾಕಲೇಟ್ ಅಂಗಡಿ ಇದೆಯಲ್ಲ, ಅದರ ಮೂಲಕ್ಕೆ ಹೋದ್ರೆ ಎಲ್ಲೋ ಒಂದು ನುಸಿ ಕೂತಿದೆ. ಇದನ್ನ ಮಾವನಿಗೆ ಹೇಳ್ದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಇದನ್ನ ಬೋರ್ಡಲ್ಲಿ ಹಾಕ್ಬಹುದಾ?" ಅಂದ್ರು.

ಪೋಸ್ಟರಿಗೆ ವಾಪಸ್ ಬರೋಣ. ಅದರಲ್ಲಿ "ಮಂಗ ಸತ್ತಿರುವುದು ಕಂಡುಬಂದಲ್ಲಿ ತಿಳಿಸಿ" ಅಂತಿದೆ. ಒಳ್ಳೇ ಮಾತು. ಮಂಗ ಸತ್ತ ಕೂಡ್ಲೇ ಅದರ ಮೈಮೇಲಿನ ಉಣ್ಣೆಗಳೆಲ್ಲ ಕೆಳಗೆ ಉದುರಿ ಮುಂದಿನ ಗಿರಾಕಿಗೆ ಕಾಯುತ್ವೆ, ಅದಕ್ಕೇ ಸುತ್ತ 50 ಅಡಿಗೆ ಔಷಧಿ ಪುಡಿ ಎರಚಬೇಕು ಅನ್ನೋದು ಹಳೇ ಕ್ರಮ. ನಮ್ಮ ತೋಟದ ಬೇಲಿ ಹತ್ರ ಒಂದು ಸತ್ತಿತ್ತು, ಫೋನ್ ಮಾಡ್ದೆ. ಮೊದಲನೇ ನಂಬರಲ್ಲಿ, ತಲೆ ಎಲ್ಲಿದೆ ಅಂದ್ರು. ಬೇಲಿ ಒಳಗೆ ಅಂದೆ. ಹಾಗಾದ್ರೆ ಖಾಸಗಿ ಜಾಗ, ನಮಗೆ ಬರಲ್ಲ. ಬಾಲ ಹೊರಗಿದೆ ಸಾರ್ ಅಂದೆ. ಎರಡನೇ ನಂಬರ್ ಕೊಟ್ರು, ಅವರು ಸಾಕುಪ್ರಾಣಿ ಮಾತ್ರ ನೋಡೋದಂತೆ. ಮೂರನೇಯವರು ಮನುಷ್ಯರಿಗೆ ಜ್ವರ ಬಂದ್ರೆ ಹೇಳಿ ಅಂದ್ರು. ನಾಲ್ಕನೇ ನಂಬರ್ ಲ್ಯಾಂಡ್‌ಲೈನು, ಅದು ಮಂಗಕ್ಕಿಂತ ಮೊದಲೇ ಸತ್ತಿತ್ತು. ಮೂರನೇ ದಿನ ಹೋಗಿ ನೋಡಿದ್ರೆ ಮಂಗಾನೇ ಇಲ್ಲ. ಸಮಸ್ಯೆ ಬಗೆಹರಿದಂಗೆ.

ಈ ಕಾಯಿಲೆ 2012ರಲ್ಲಿ ಬಂಡೀಪುರಕ್ಕೆ ಬಂತು, ಕಾಯಿಲೆ ಬಿದ್ದವರು ಅರಣ್ಯ ಇಲಾಖೆಯ ಕೆಲಸಗಾರರೇ. 2013ರಲ್ಲಿ ವಯನಾಡಿಗೆ ಬಂತು. ವಯನಾಡು ಅಂದ್ರೆ ಎಲ್ಲೋ ದೂರ ಅಲ್ಲ, ನಮ್ಮ ಗಡಿಯ ಕುಟ್ಟ ದಾಟಿದ್ರೆ ಅಲ್ಲಿನ ತೋಲ್ಪೆಟ್ಟಿ. ಚೆಕ್‌ಪೋಸ್ಟಲ್ಲಿ ನಮ್ಮ ಗಾಡಿ ಡಿಕ್ಕಿ ತೆಗೆಸಿ ನೋಡ್ತಾರೆ, ಮಂಗ ಮರದ ಮೇಲಿಂದ ಆಚೆ ಈಚೆ ಓಡಾಡ್ತಿರುತ್ತೆ.

ಆಮೇಲೆ ಸಲಹೆಗಳು. ಕಾಡಿಗೆ ಹೋಗಬೇಡಿ. ಹೋದ್ರೆ ಮೈತುಂಬ ಬಟ್ಟೆ ಹಾಕಿ, ಉಣ್ಣೆ ಹತ್ತದಂಗೆ ಎಣ್ಣೆ ಹಚ್ಚಿ. ಮೊದಲು ಡಿಎಂಪಿ ಎಣ್ಣೆ ಇತ್ತು, ಈಗ ಡೆಪಾ ಎಣ್ಣೆ. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆನೂ ಬಿಸಿನೀರಲ್ಲಿ ಒಗೀರಿ. ನಮ್ಮ ತೋಟದ ಕೆಲಸದವರ ಲೈನ್ ಮನೇಲಿರೋ ಅಕ್ಕ ಒಬ್ಬರಿಗೆ ಓದೋಕೆ ಬರಲ್ಲ, ನಾನೇ ಓದಿ ಹೇಳ್ದೆ. ತಲೆ ಮೇಲೆ ಸೌದೆ ಹೊರೆ ಇಟ್ಕೊಂಡೇ ಕೇಳಿಸ್ಕೊಂಡ್ರು. "ಬಿಸಿನೀರ್ ಕಾಯ್ಸೋಕೆ ಸೌದೆ ಬೇಕಲ್ಲಣ್ಣ" ಅಂದ್ರು. "ಸೌದೆ ಎಲ್ಲಿಂದ ತರ್ಲಿ?"

ಕಾಡಿಂದ. ಕಾಡಿಗೆ ಹೋದ್ರೆ ಬಿಸಿನೀರು ಬೇಕು, ಬಿಸಿನೀರು ಬೇಕಂದ್ರೆ ಕಾಡಿಗೆ ಹೋಗ್ಬೇಕು. ಇದನ್ನ ಬರೆದವರು ಗೀಸರ್ ಸ್ವಿಚ್ ಹಾಕಿ ಬಂದು ಬರೆದಿದಾರೆ.

ನಂಗೆ ತಮಾಷೆ ಮಾಡೋಕೂ ಸುಸ್ತಾಗಿದೆ. 1957ರಿಂದ ಇವತ್ತಿನವರೆಗೆ ಕಾಯಿಲೆ ಬಂದು ಸತ್ತವರಲ್ಲಿ ಹೆಚ್ಚಿನವರು ಯಾರು? ಸೌದೆಗೆ ಹೋದವರು, ದರಗು, ಅಂದ್ರೆ ಉದುರಿದ ಒಣ ಎಲೆ, ಗುಡಿಸೋಕೆ ಹೋದವರು, ದನ ಮೇಯ್ಸೋಕೆ ಹೋದವರು. ಕಾಯಿಲೆ ಬಂದ ನೂರರಲ್ಲಿ 3ರಿಂದ 5 ಜನ ಸಾಯ್ತಾರೆ, ವೈರಸ್ಸಿಗೇ ಅಂತ ಔಷಧಿ ಇಲ್ಲ. ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆಮೇಲೆ ಬೂಸ್ಟರು, ಆಮೇಲೆ ವರ್ಷ ವರ್ಷ ಮತ್ತೆ. ಕೈ ಊದ್ಕೊಂಡು ದಿನದ ಕೂಲಿ ಹೋಗುತ್ತೆ ಅಂತ ಜನ ತಪ್ಪಿಸ್ಕೊಂಡ್ರೆ ಜನರಿಗೆ ಅರಿವಿಲ್ಲ ಅಂತ ಬೈದ್ರು. 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸ್ ತಗೊಂಡವರಿಗೂ ರಕ್ಷಣೆ ಸಿಕ್ಕಿದ್ದು ಶೇಕಡಾ 62, ಒಂದೇ ಡೋಸಿಂದ ಉಪಯೋಗಾನೇ ಕಾಣ್ಲಿಲ್ಲ. ಅಷ್ಟು ಗೊತ್ತಾದ ಮೇಲೂ ಅದೇ ಲಸಿಕೆ, ಸಾಗರ ತಾಲೂಕಿನ ಅರಳಗೋಡಲ್ಲಿ ಜನ ಸಾಲಾಗಿ ಸತ್ತಾಗಲೂ ಅದೇ ಲಸಿಕೆ, ಕೊನೆಗೆ 2022ರಲ್ಲಿ ನಿಲ್ಲಿಸಿದ್ರು. ಹೊಸದರ ಕೆಲಸ ನಡೀತಿದೆಯಂತೆ. ಅಲ್ಲಿವರೆಗೆ ಎಣ್ಣೆ. ಕೊರೋನಾ ಎಲ್ಲರ ಮನೆಗೂ ನುಗ್ತು, ವರ್ಷದೊಳಗೆ ಲಸಿಕೆ ಬಂತು. ಉಣ್ಣೆ ವಿಧಾನಸೌಧದ ಮೆಟ್ಟಿಲು ಹತ್ತಲ್ಲ, ಅಲ್ಲಿ ದರಗೂ ಬಿದ್ದಿರಲ್ಲ.

ಇದನ್ನ ಬರೀತಾ ಜಗಲೀಲಿ ಕೂತಿದೀನಿ, ನಾಯಿ ಕಿವಿ ಒಡ್ಡಿಕೊಂಡು ಪಕ್ಕದಲ್ಲೇ ಮಲಗಿದೆ. ಇದಕ್ಕೆ ಹತ್ತೋ ಉಣ್ಣೆ ಬೇರೆ ಜಾತಿ, ಮಂಗನ ಕಾಯಿಲೆದಲ್ಲ, ಆದ್ರೂ ಹೋದ ವರ್ಷ ಟಿಕ್ ಫೀವರ್ ಬಂದು ಎಂಟು ದಿನ ಗಂಜಿ ನೀರೂ ಮುಟ್ಟಿರಲಿಲ್ಲ. ಬೂದು ಬಣ್ಣದ, ಹರಳು ಬೀಜದ ಹಾಗೆ ಉಬ್ಬಿರೋದನ್ನ ಒಂದೊಂದೇ ಕಿತ್ತು ತೆಂಗಿನ ಚಿಪ್ಪಲ್ಲಿರೋ ಸೀಮೆಎಣ್ಣೆಗೆ ಹಾಕ್ತಿದೀನಿ. ಇವತ್ತಿಗೆ ಹದಿನಾಲ್ಕಾಯ್ತು, ಬಲಗಿವಿ ಇನ್ನೂ ನೋಡಿಲ್ಲ. ಚಿಪ್ಪಲ್ಲಿ ಸೀಮೆಎಣ್ಣೆ ತಳ ಕಂಡಿದೆ, ಈಗ ಅದು ಸಿಗೋದೂ ಕಷ್ಟ, ಲೈನ್ ಮನೆ ಅಕ್ಕನ ಹತ್ರ ಸ್ವಲ್ಪ ಇದ್ರೆ ಕೇಳ್ಬೇಕು.