ಇಬ್ಬರಿಗೂ ಗೊತ್ತಿಲ್ಲದ ಕೆಲಸ

ಹೋದ ಭಾನುವಾರ ಸಂಜೆ ನಮ್ಮಪ್ಪನ ಗಾಡಿ ಚಾಲೂ ಆಯಿತು. ಎಂಟು ವರ್ಷ ದೊಡ್ಡಿಯಲ್ಲಿ ನಿಂತಿದ್ದ ಗಾಡಿ, ನಾನೂ ನನ್ನ ಮಗನೂ ಸೇರಿ ರಿಪೇರಿ ಮಾಡಿದ್ದು. ಮೊದಲು ಬಿಳಿ ಹೊಗೆ ಬಂತು, ಆಮೇಲೆ ಕರಿ ಹೊಗೆ, ಆಮೇಲೆ ಆ ಹಳೇ ಸದ್ದು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ, ಕೈಗೆ ಹತ್ತಿದ ಹಿಟ್ಟಿನ ಸಮೇತ ಅಂಗಳಕ್ಕೆ ಬಂದು ನಿಂತಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಚಹಾ ಇಡ್ಲೇನು?" ಅಂದಳು. ಅಪ್ಪ ಇದ್ದಾಗ ಗಾಡಿ ಚಾಲೂ ಮಾಡಿ ಬಿಟ್ಟು, ಇಂಜಿನ್ ಬಿಸಿ ಆಗುವ ತನಕ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಆ ಸದ್ದು ಕೇಳಿದರೆ ಚಹಾ ಇಡೋದು ಅವಳಿಗೆ ಇಪ್ಪತ್ತು ವರ್ಷದ ರೂಢಿ.

ಆ ದಿನ ಗಾಡಿಯ ಫೋಟೋ ಇಲ್ಲಿ ಹಾಕಿದ ಮೇಲೆ ಜಾಸ್ತಿ ಜನ ಕೇಳಿದ್ದು ಎರಡೇ ಮಾತು. ಇದಕ್ಕೆ ಎಷ್ಟು ಖರ್ಚಾಯಿತು? ಮಗನನ್ನ ಮೆಕ್ಯಾನಿಕ್ ಮಾಡ್ತೀರೇನು? ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ನನಗೆ ಹೇಳಬೇಕು ಅನಿಸಿದ್ದು ಬೇರೆ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗಾಡಿ ಟಾಟಾಮೊಬೈಲ್ 206, 1992ರ ಮಾಡೆಲ್. ಟಾಟಾ ಮೋಟರ್ಸ್‌ಗೆ ಆಗ ಟೆಲ್ಕೋ ಅಂತ ಹೆಸರು. 1988ರಲ್ಲಿ ಅವರು ತಂದ ಪಿಕಪ್ ಇದು. ಇದರ ಬುಡದ ಮೇಲೇ ಮುಂದೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ಅನ್ನುವ ಕಾರುಗಳು ಬಂದವು. 1948 ಸಿಸಿ ಡೀಸೆಲ್ ಇಂಜಿನ್. ಅಪ್ಪ 1996ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ. ನಂಬರ್ ಪ್ಲೇಟ್ ಮೇಲೆ ಇವತ್ತಿಗೂ ಕೆಎ 32 ಅಂತಲೇ ಇದೆ. ಈಗಿನ ಹುಡುಗರು ಅದನ್ನು ನೋಡಿ ಕಲಬುರಗಿ ಗಾಡಿ ಅಂತಾರೆ. ನಮ್ಮ ಯಾದಗಿರಿ ಜಿಲ್ಲೆ ಆಗಿದ್ದು 2009ರ ಕೊನೆಗೆ. ಅದಕ್ಕೂ ಮುಂಚೆ ನಮ್ಮ ಶಹಾಪುರದವರೆಲ್ಲ ಗುಲ್ಬರ್ಗಾ ಜಿಲ್ಲೆಯವರೇ.

ಈ ಗಾಡಿಯಲ್ಲಿ ತೊಗರಿ ಹೇರಿಕೊಂಡು ಅಪ್ಪ ರಾತ್ರಿ ಮೂರಕ್ಕೆ ಹೊರಡುತ್ತಿದ್ದ. ಜೇವರ್ಗಿ ದಾಟಿ, ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿ, ಬೆಳಕು ಹರಿಯೋದರೊಳಗೆ ಕಲಬುರಗಿಯ ಕಾಳಿನ ಮಾರುಕಟ್ಟೆ, ನೆಹರು ಗಂಜ್. ಹತ್ತಿ ಇದ್ದರೆ ರಾಯಚೂರು. ಬರುವಾಗ ನನಗೆ ಪುಸ್ತಕ ತರುತ್ತಿದ್ದ. ನಾನು ಟೀಚರ್ ಆಗಿದ್ದರ ಹಿಂದೆ ಈ ಗಾಡಿಯ ಬಾಡಿಗೆ ದುಡ್ಡು ಇದೆ. ಅಪ್ಪ ಹೋದ ಮೇಲೆ ಗುಜರಿಯವನು ಎರಡು ಸಲ ಬಂದು ರೇಟು ಹೇಳಿ ಹೋದ. ಎರಡು ಸಲವೂ ಅವ್ವ "ನಿಂದರಲಿ ಬಿಡು" ಅಂದಳು.

ನನ್ನ ಮಗ ಒಂಬತ್ತನೇ ಕ್ಲಾಸು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಹದಿನಾರು ವರ್ಷದಿಂದ. ಹೋದ ವರ್ಷ ದಸರಾ ರಜೆಗೆ ತವರಿಗೆ ಹೋದಾಗ ಅವನು ಗಾಡಿಯ ಬಾನೆಟ್ ಎತ್ತಿದ. ಇಂಜಿನ್ ಮೇಲೆ ಕೋಳಿ ಗೂಡು ಕಟ್ಟಿತ್ತು, ಒಳಗೆ ಎರಡು ಮೊಟ್ಟೆ. "ಅವ್ವಾ, ಇದು ಮತ್ತ ಓಡ್ತದೇನು?" ಅಂತ ಕೇಳಿದ. ಗೊತ್ತಿಲ್ಲ ಅಂದೆ. ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ ಅಷ್ಟೇ. ಆದರೆ ಅವನು ತಿರುಗಿ ನನ್ನ ಮುಖ ನೋಡಿದ.

ಆ ನೋಟದ ಅರ್ಥ ನನಗೆ ಆರು ತಿಂಗಳ ಮೇಲೆ ಆಯಿತು.

ನಮ್ಮೂರಲ್ಲೇ ಒಬ್ಬರು ಹಳೇ ಮಿಸ್ತ್ರಿ ಇದ್ದಾರೆ, ಎಲ್ಲರೂ ಚಾಚಾ ಅಂತಾರೆ. ಅಪ್ಪನ ಗಾಡಿ ನೋಡುತ್ತಿದ್ದವರು ಅವರೇ. ಈಗ ಕಣ್ಣು ಮಂಜು, ಗಾಡಿ ಕೆಳಗೆ ಮಲಗುವ ಶಕ್ತಿ ಇಲ್ಲ. ಅವರು ಒಂದೇ ಷರತ್ತು ಹಾಕಿದರು: "ನಾ ಕುರ್ಚಿ ಮ್ಯಾಲ ಕುಂದರ್ತೀನ್ರಿ ಟೀಚರ್. ಪಾನಾ ನೀವೇ ಹಿಡಿಬೇಕು." ಪಾನಾ ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರ್. ಹಂಗೇ ಆಯಿತು. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಹೋಗೋದು, ಭಾನುವಾರ ರಾತ್ರಿ ವಾಪಸ್. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ವಾ, ಹತ್ತು ಗಂಟೆಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತೂವರೆಗೆ ನಿಲ್ಲಿಸುತ್ತಿದ್ದೆವು, ಮತ್ತೆ ಸಂಜೆ.

ಮೊದಲ ಎರಡು ತಿಂಗಳು ಬರೀ ತುಕ್ಕಿನ ಜೊತೆ ಜಗಳ. ಒಂದೊಂದು ನಟ್ಟಿಗೂ ರಾತ್ರಿ ಡೀಸೆಲ್ ಹಚ್ಚಿ ಬಿಡೋದು, ಮರುದಿನ ಅಲ್ಲಾಡಿಸಿ ನೋಡೋದು. ಅವಸರ ಮಾಡಿ ಮೂರು ಬೋಲ್ಟ್ ಮುರಿದೆವು. ಮೂರನ್ನೂ ಮುರಿದವಳು ನಾನೇ. ಡ್ರೈವರ್ ಕಾಲಿನ ಕೆಳಗಿನ ಪತ್ರಾ (ತಗಡು) ಪೂರಾ ತುಕ್ಕು ತಿಂದು ಹೋಗಿತ್ತು, ಕೂತರೆ ನೆಲ ಕಾಣುತ್ತಿತ್ತು. ಅದನ್ನು ಕತ್ತರಿಸಿ ಹೊಸ ಪತ್ರಾ ವೆಲ್ಡಿಂಗ್ ಮಾಡಿಸಿದೆವು. ವೆಲ್ಡಿಂಗು, ಲೇತ್ ಕೆಲಸ, ಡೀಸೆಲ್ ಟ್ಯಾಂಕಿನ ರಿಪೇರಿ ನಾವು ಮುಟ್ಟಲಿಲ್ಲ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ಇರುತ್ತದೆ. ಬೆಂಕಿ ತಾಕಿದರೆ ಸಿಡಿಯುತ್ತದೆ. ಇದನ್ನು ಓದಿ ಯಾರಾದರೂ ಮಕ್ಕಳ ಜೊತೆ ಇಂಥ ಕೆಲಸಕ್ಕೆ ಇಳಿದರೆ ದಯವಿಟ್ಟು ಅದನ್ನು ಗೊತ್ತಿದ್ದವರಿಗೇ ಬಿಡಿ. ಇನ್ನೊಂದು, ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ಮಗುವನ್ನು ಯಾವತ್ತೂ ಬಿಡಬೇಡಿ. ನಾವು ಮಣ್ಣಲ್ಲಿ ಜ್ಯಾಕ್ ಹೂತು ಹೋಗದಂತೆ ಕೆಳಗೆ ಶಹಾಬಾದ್ ಕಲ್ಲು ಹಾಸಿ, ಗಾಡಿ ಎತ್ತಿದ ಮೇಲೆ ದಪ್ಪ ಕಟ್ಟಿಗೆ ದಿಮ್ಮಿ ಕೊಟ್ಟು, ಉಳಿದ ಗಾಲಿಗಳಿಗೆ ಕಲ್ಲಿಟ್ಟು, ಆಮೇಲೇ ಕೆಳಗೆ ಹೋಗುತ್ತಿದ್ದೆವು.

ಈಗ ಬ್ರೇಕಿನ ಕಥೆ ಹೇಳುತ್ತೇನೆ. ನಾನು ಬರೆಯಲು ಕೂತದ್ದೇ ಇದಕ್ಕೆ.

ಬ್ರೇಕ್ ಏರ್ ತೆಗೆಯುವ ಕೆಲಸ, ಅಂದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ಹೊರಗೆ ಹಾಕೋದು, ಒಬ್ಬರಿಂದ ಆಗೋದಿಲ್ಲ. ಒಬ್ಬರು ಸೀಟಿನ ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿ ಹತ್ತಿರ ಗಾಳಿ ಬಿಡುವ ಸಣ್ಣ ಸ್ಕ್ರೂ, ಅಂದರೆ ನಿಪ್ಪಲ್, ಬಿಚ್ಚಬೇಕು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಎಲ್ಲಕ್ಕಿಂತ ದೂರದ ಗಾಲಿ ಮೊದಲು, ಅಂದರೆ ಹಿಂದಿನ ಎಡಗಡೆಯದು. ನಿಪ್ಪಲ್‌ಗೆ ಸಣ್ಣ ಪೈಪು ಹಾಕಿ, ಅದರ ತುದಿ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಬಿಚ್ಚಿದರೆ ಬುಳಬುಳ ಅಂತ ಗುಳ್ಳೆ ಬರುತ್ತವೆ. ನಿಪ್ಪಲ್ ಬಿಗಿ ಮಾಡಿದ ಮೇಲೇ ಪೆಡಲ್ ಬಿಡಬೇಕು. ಒಂದು ಕ್ಷಣ ಮೊದಲು ಬಿಟ್ಟರೂ ಗಾಳಿ ವಾಪಸ್ ಒಳಗೆ. "ಒತ್ತು", "ಹಿಡಿ", "ಬಿಡು". ಮೂರೇ ಮಾತು. ನಾನು ಪೆಡಲ್ ಮೇಲೆ, ಅವನು ಗಾಲಿ ಹತ್ತಿರ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ದನಿ ಮಾತ್ರ.

ಪ್ಯಾಸ್ಕಲ್‌ನ ನಿಯಮ ನಾನು ಪ್ರತಿ ವರ್ಷ ಎರಡು ಸಿರಿಂಜು, ಒಂದು ಪೈಪು ಇಟ್ಟು ಹೇಳಿಕೊಡುತ್ತೇನೆ. ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಹೋಗುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದರೆ ಒಂದು ಕಡಲೆಕಾಳಿನಷ್ಟು ಗಾಳಿ ಕಾಲಿನ ಕೆಳಗೆ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಸ್ಪಂಜು ತುಳಿದ ಹಾಗೆ. ಪೆಡಲ್ ಕೆಳಗೆ ಹೋಗುತ್ತಲೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ.

ಮೂರು ಭಾನುವಾರ ಹೋದವು. ಏರ್ ತೆಗೀತೀವಿ, ಪೆಡಲ್ ಗಟ್ಟಿ ಆಗುತ್ತದೆ, ಮುಂದಿನ ವಾರ ಬಂದರೆ ಮತ್ತೆ ಸ್ಪಂಜು. ಈ ನಡುವೆ ಬ್ರೇಕ್ ಆಯಿಲ್ ಹೊಸ ಬಣ್ಣದ ಮೇಲೆ ಚೆಲ್ಲಿ ಅಂಗೈ ಅಗಲ ಬಣ್ಣ ಕಿತ್ತು ಬಂತು. ಮಾಸ್ಟರ್ ಸಿಲಿಂಡರ್ ಕೆಟ್ಟಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅದರ ರಬ್ಬರ್ ಕಿಟ್ಟು ತರಿಸಿ ಹಾಕಿಯೂ ಆಯಿತು. ಮಗ "ಅದಲ್ಲ ಅನಸ್ತದ ಅವ್ವಾ" ಅಂದ. ನಾನು ಕೇಳಲಿಲ್ಲ. ಚಾಚಾ ಏನೂ ಹೇಳಲಿಲ್ಲ, ಕುರ್ಚಿಯಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ನಾಲ್ಕನೇ ಶನಿವಾರ ರಾತ್ರಿ ಮಗ ಹಳೇ ಪೇಪರ್ ತಗೊಂಡು ಗಾಡಿ ಕೆಳಗೆ ಹೋದ. ಗಾಲಿಗಳ ಒಳಬದಿಗೆ, ಪೈಪು ಹೋಗುವ ದಾರಿಯುದ್ದಕ್ಕೂ ಪೇಪರ್ ಹಾಸಿ, ಮೇಲೆ ಕಲ್ಲಿಟ್ಟು ಬಂದ. ನನಗೆ ಹೇಳಲೇ ಇಲ್ಲ. ಬೆಳಿಗ್ಗೆ ಐದೂವರೆಗೆ ಬಂದು ಎಬ್ಬಿಸಿದ. "ಅವ್ವಾ, ಬಾ ಇಲ್ಲಿ. ನೋಡು." ಬ್ಯಾಟರಿ ಬೆಳಕಿನಲ್ಲಿ ಒಂದೇ ಒಂದು ಪೇಪರಿನ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಒದ್ದೆ ಕಲೆ. ಹಿಂದಿನ ಆಕ್ಸಲ್ ಮೇಲೆ ರಬ್ಬರ್ ಪೈಪು ಕೂಡುವ ಜಾಗದ ಸರಿಯಾಗಿ ಕೆಳಗೆ. ಅಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ಪೈಪು ಬದಲಾಯಿಸುವಾಗ ನಾವು ಹಳೇ ವಾಷರನ್ನೇ ಹಾಕಿದ್ದೆವು.

ನಾನು ಆ ಪೇಪರ್ ಕೈಯಲ್ಲಿ ಹಿಡಿದುಕೊಂಡು ನಿಂತೆ. "ನಾ ತಪ್ಪು ಹೇಳಿದ್ದೆ ತಮ್ಮಾ. ನೀ ಹೇಳಿದ್ದು ಖರೇ" ಅಂದೆ. ಅವನು ನಗಲಿಲ್ಲ, ಹಿಗ್ಗಲಿಲ್ಲ. ಸೀದಾ "ಹಂಗಾದ್ರ ಹದಿನಾರರ ಪಾನಾ ಕೊಡು" ಅಂದ. ಕೆಲಸ ಮುಂದುವರಿಯಿತು. ನನ್ನ ಮಗ ನನ್ನನ್ನು ಜೊತೆಗಾರಳ ಹಾಗೆ ಮಾತಾಡಿಸಿದ್ದು ಅದೇ ಮೊದಲು.

ಆ ದಿನ ಚಾಚಾ ಬಾಯಿ ಬಿಟ್ಟರು. ಹಳೇ ತಾಮ್ರದ ವಾಷರ್ ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ, ಸಂದು ಮುಚ್ಚೋದಿಲ್ಲ ಅಂದರು. ಅದನ್ನು ಚಿಮಟಿಗೆಯಲ್ಲಿ ಹಿಡಿದು ಅವ್ವನ ಒಲೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಹಾಕಿ, ಮಗನ ಕೈಗೆ ಕೊಟ್ಟರು. ಮೆತ್ತಗಾಗಿತ್ತು, ಬೆರಳಿಗೆ ಬಾಗುತ್ತಿತ್ತು. ಉಕ್ಕನ್ನು ಹಾಗೆ ಕಾಯಿಸಿ ನೀರಿಗೆ ಹಾಕಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ತೋರಿಸೋದಕ್ಕೆ ಇಷ್ಟು, ಹಾಕೋದಕ್ಕೆ ಹೊಸದೇ ತನ್ನಿ ಅಂದರು. ಹೊಸದಕ್ಕೆ ಹತ್ತು ರೂಪಾಯಿ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹುಡುಗ ಹುಡುಕ್ಲತ್ತಿದ್ದ್ರಿ ಟೀಚರ್. ನಡುವ ಯಾಕ ಮಾತಾಡ್ಲಿ?"

ಇದನ್ನೇ ನಾನು ಹೇಳಬೇಕಾಗಿದ್ದು. ಒಂಬತ್ತು ವರ್ಷದಿಂದ ನಾನು ನನ್ನ ಮಗನಿಗೆ ಕೇಳಿದ ಪ್ರಶ್ನೆಗಳೆಲ್ಲ ನನಗೆ ಮೊದಲೇ ಉತ್ತರ ಗೊತ್ತಿದ್ದ ಪ್ರಶ್ನೆಗಳು. ಹದಿನೇಳರ ಮಗ್ಗಿ ಹೇಳು. ದ್ಯುತಿಸಂಶ್ಲೇಷಣೆ ಅಂದರೇನು. ಮಗು ಉತ್ತರ ಹೇಳಿದಾಗ ನಾವು ಸರಿ ಅಥವಾ ತಪ್ಪು ಅಂತೀವಿ. ನಾವು ಒಂದು ಕಡೆ, ಅವರು ಇನ್ನೊಂದು ಕಡೆ. ಈ ಗಾಡಿ ಹತ್ತಿರ ಮೊದಲ ಸಲ ನಾನು ಉತ್ತರ ಗೊತ್ತಿಲ್ಲದೆ "ಇದು ಯಾಕ ಹಿಂಗಾಗ್ಲತ್ತದ?" ಅಂತ ಕೇಳಿದೆ. ಅವನಿಗೆ ಅದು ತಕ್ಷಣ ತಿಳಿಯಿತು. ದಸರಾದಲ್ಲಿ ಅವನು ನನ್ನ ಮುಖ ನೋಡಿದ್ದು ಅದಕ್ಕೇ.

ಈಗ ಸುಮಾರು ಅಪ್ಪಂದಿರು "ನಾವೂ ಮಗನಿಗೆ ಗಾಡಿ ಕೆಲಸ ಕಲಿಸ್ತೀವಿ" ಅಂತಿದ್ದಾರೆ. ಖುಷಿ. ಆದರೆ ನಿಮಗೆ ಗಾಡಿ ಚೆನ್ನಾಗಿ ಗೊತ್ತಿದ್ದರೆ, ನನ್ನ ಮಾತು ಕೇಳಿ, ಬೇರೆ ಕೆಲಸ ಹುಡುಕಿ. ಗೊತ್ತಿದ್ದವರ ಕೈ ತಾನಾಗೇ ಮುಂದೆ ಹೋಗುತ್ತದೆ. ಮಗು ಪಾನಾ ಹಿಡಿಯೋದು ಎರಡು ನಿಮಿಷ, ಆಮೇಲೆ ಟಾರ್ಚ್ ಹಿಡಿಯುವ ಕೆಲಸ. ನಿಮಗೂ ಬಾರದ ಕೆಲಸ ಇರಲಿ. ಇಬ್ಬರೂ ಸೇರಿ ಗೊತ್ತಿದ್ದವರ ಹತ್ತಿರ ಹೋಗಿ, ಇಬ್ಬರೂ ಕೇಳಿ. ದೊಡ್ಡವರು ಇನ್ನೊಬ್ಬರಿಂದ ಕಲಿಯೋದು ಹೇಗೆ, ಬೈಸಿಕೊಳ್ಳೋದು ಹೇಗೆ ಅಂತ ಮಕ್ಕಳು ನೋಡಲಿ. ನಮ್ಮ ಮನೆಗಳಲ್ಲಿ ಅವರಿಗೆ ಇದು ನೋಡಲು ಸಿಗುವುದೇ ಇಲ್ಲ.

ಹಾಗಂತ ಅವನು ಪ್ರತಿ ವಾರವೂ ಬಂದ ಅಂತಲ್ಲ. ಇಡೀ ನವೆಂಬರ್ ಅವನು ಗಾಡಿ ಹತ್ತಿರ ಬರಲಿಲ್ಲ. ಕ್ರಿಕೆಟ್. ನಾನು ಕರೆಯಲಿಲ್ಲ, ಒಬ್ಬಳೇ ತುಕ್ಕು ಉಜ್ಜಿದೆ. ಡಿಸೆಂಬರಿನಲ್ಲಿ ತಾನೇ ಬಂದ, ಮಲ್ಟಿಮೀಟರ್ ಹಿಡಿದುಕೊಂಡು. ಡೀಸೆಲ್ ಇಂಜಿನ್ ಚಾಲೂ ಮಾಡುವ ಮುಂಚೆ ಒಳಗೆ ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್‌ನಲ್ಲಿ ಎರಡು ಸತ್ತಿವೆ ಅಂತ ಹುಡುಕಿ ಕೊಟ್ಟ.

ಖರ್ಚು ಇಲ್ಲಿಯ ತನಕ 62 ಸಾವಿರ. ಅದರಲ್ಲಿ ಹತ್ತಿರ ಹತ್ತಿರ 15 ಸಾವಿರ ಡೀಸೆಲ್ ಪಂಪು, ನಾಜಲ್‌ಗೆ. ದೊಡ್ಡ ಊರಿನ ಒಂದು ಅಂಗಡಿಗೆ ಕೊಟ್ಟಿದ್ದೆವು. ಎರಡು ತಿಂಗಳು ಇಟ್ಟುಕೊಂಡು, ಸೀಲ್ ಕೂಡ ಬದಲಾಯಿಸದೆ ವಾಪಸ್ ಕೊಟ್ಟರು. ಮತ್ತೊಂದು ಕಡೆ ಮಾಡಿಸಬೇಕಾಯಿತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಮೆಕ್ಯಾನಿಕ್ ಮಾಡ್ತೀರೇನು ಅನ್ನುವುದಕ್ಕೆ: ಆದರೆ ಆಗಲಿ. ಚಾಚಾನ ಹಾಗೆ ಆಗುವುದಾದರೆ ನನಗೆ ಹೆಮ್ಮೆ.

ಇನ್ನೊಂದು ವಿಷಯ ಖಡಾಖಂಡಿತ ಹೇಳುತ್ತೇನೆ. ಗಾಡಿ ಅವನು ಓಡಿಸುವುದಿಲ್ಲ. ನಮ್ಮ ಕಡೆ ಹನ್ನೆರಡು ವರ್ಷಕ್ಕೇ ಟ್ರ್ಯಾಕ್ಟರ್ ಕೈಗೆ ಕೊಡ್ತಾರೆ, ಅದನ್ನು ಹೆಮ್ಮೆ ಅಂತ ವಿಡಿಯೋ ಮಾಡ್ತಾರೆ. ನನಗೆ ಅದು ನೋಡಿದರೆ ಎದೆ ಝಲ್ ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ, ಗಾಡಿ ಮಾಲೀಕರಿಗೆ ಮೂರು ವರ್ಷದ ತನಕ ಜೈಲು, 25 ಸಾವಿರ ದಂಡ ಇದೆ. ಕಾನೂನು ಬಿಡಿ, ಹೋದ ಮಗು ವಾಪಸ್ ಬರುವುದಿಲ್ಲ. ಕೀಲಿ ನನ್ನ ಹತ್ತಿರ ಇರುತ್ತದೆ, ಕಾನೂನಿನ ವಯಸ್ಸು ತುಂಬಿ ಲೈಸೆನ್ಸ್ ಬರುವ ತನಕ. ಅವನಿಗೂ ಗೊತ್ತಿದೆ, ತಕರಾರು ಇಲ್ಲ.

ಇಷ್ಟು ಹಳೇ ಗಾಡಿ ಗುಜರಿಗೆ ಹಾಕಬೇಕು, ಹೊಗೆ ಬಿಡುತ್ತದೆ ಅಂತ ಒಬ್ಬರು ಬರೆದಿದ್ದರು. ಅವರ ಮಾತು ತಪ್ಪಲ್ಲ. ಇದನ್ನು ದಿನಾ ಓಡಿಸುವ ಆಸೆ ನನಗಿಲ್ಲ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಫಿಟ್ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಬೇಕು. ಅದು ಆಗುವ ತನಕ ನಮ್ಮ ದೊಡ್ಡಿ ಬಿಟ್ಟು ರಸ್ತೆಗೆ ಇಳಿಯುವುದಿಲ್ಲ. ವಿಂಟೇಜ್ ಅಂತ ನೋಂದಣಿ ಮಾಡಿಸೋಣ ಅಂದರೆ ಅದಕ್ಕೆ 50 ವರ್ಷ ಆಗಿರಬೇಕು, ಬಾಡಿಗೆ ಗಾಡಿಗೆ ಅದು ಅನ್ವಯಿಸುವುದೂ ಇಲ್ಲ. ಎಫ್‌ಸಿ ಸಿಕ್ಕರೆ ಒಂದೇ ಒಂದು ಸಲ ತೊಗರಿ ಹೇರಿಕೊಂಡು, ಅವ್ವನನ್ನು ಮುಂದೆ ಕೂರಿಸಿಕೊಂಡು, ಕಟ್ಟಿಸಂಗಾವಿ ಸೇತುವೆ ಮೇಲೆ ಹೋಗಬೇಕು. ಗಂಜ್ ತನಕ. ಅಪ್ಪ ಬದುಕಿದ್ದಾಗ ಅವಳು ಒಂದು ಸಲವೂ ಆ ಗಾಡಿಯಲ್ಲಿ ಕಲಬುರಗಿಗೆ ಹೋಗಿಲ್ಲವಂತೆ. ಹಿಂದೆ ಮೂಟೆ, ಮುಂದೆ ಹಮಾಲರು, ಅವಳಿಗೆ ಜಾಗ ಎಲ್ಲಿ?

ಅದಕ್ಕೆ ಒಂದು ಸಹಾಯ ಬೇಕು. ಹಿಂದಿನ ಎಡಗಡೆ ಲೈಟಿನ ಕವರ್ ಒಡೆದಿದೆ. ಕಲಬುರಗಿ, ರಾಯಚೂರು ಎರಡೂ ಕಡೆ ಹಳೇ ಸಾಮಾನಿನ ಅಂಗಡಿ ಪೂರಾ ತಿರುಗಿದೆವು, ಸಿಗಲಿಲ್ಲ. ಟಾಟಾಮೊಬೈಲ್ 206ದು. ಯಾರ ಹಿತ್ತಿಲಲ್ಲಾದರೂ, ಯಾರ ಗುಜರಿಯಲ್ಲಾದರೂ ಒಂದು ಬಿದ್ದಿದ್ದರೆ ತಿಳಿಸಿ. ಬಂದು ಬಿಚ್ಚಿಕೊಂಡು ಹೋಗುತ್ತೇವೆ. ಪಾನಾ ನಾವೇ ತರುತ್ತೇವೆ.